ಹಠಮಾರಿ ಪಿಸ್ತೂಲಿನ ಜೊತೆ ಮೂರು ಊರು

ಪರ್ತ್: ವಿಮಾನ ನಿಲ್ದಾಣ

ಪರ್ತ್‌ನ ಅಧಿಕಾರಿಗಳು ನನ್ನ ಪಿಸ್ತೂಲನ್ನು ಒಳಗೆ ಬಿಟ್ಟರು, ಅವರೆಕಾಳನ್ನು ಬಿಡಲಿಲ್ಲ.

ಪಿಸ್ತೂಲಿನ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪೊಲೀಸ್ ಅಧಿಕಾರಿಣಿ ಪೆಟ್ಟಿಗೆ ತೆರೆದು, ನಂಬರನ್ನು ಪರವಾನಗಿಯ ಜೊತೆ ತಾಳೆ ನೋಡಿದರು. ಒಳಗೆ ಗುಂಡಿಲ್ಲ ಎಂಬುದರ ಗುರುತಾಗಿ ಕೊಳವೆಯಲ್ಲಿ ತೂರಿಸಿದ್ದ ಕಿತ್ತಳೆ ಬಣ್ಣದ ದಾರವನ್ನು ಬೆರಳಲ್ಲಿ ಮುಟ್ಟಿ, "ಗುಡ್ ಲಕ್" ಎಂದು ಪೆಟ್ಟಿಗೆ ಮುಚ್ಚಿದರು. ಮುಂದಿನ ಮೇಜಿನಲ್ಲಿ ನನ್ನ ಅಕ್ಕ ಮಗಳಿಗಾಗಿ ಕಟ್ಟಿಕೊಟ್ಟಿದ್ದ ಒಣ ಅವರೆಕಾಳಿನ ಪೊಟ್ಟಣ ಹೊರಬಂದಾಗ ಇಬ್ಬರು ಸೇರಿಕೊಂಡರು. ನೆಟ್ಟರೆ ಮೊಳೆಯುತ್ತದೆಯೇ ಎಂದು ಕೇಳಿದರು. ಚಿತ್ರದುರ್ಗದ ಮಣ್ಣಲ್ಲಿ ಮೊಳೆಯುವ ಕಾಳು ಎಲ್ಲಿ ಹಾಕಿದರೂ ಮೊಳೆಯುತ್ತದೆ ಎಂದು ಹೆಮ್ಮೆಯಿಂದ ಹೇಳಿದೆ. ಅಲ್ಲಿಗೆ ಅವರೆಕಾಳು ಹೋಯಿತು.

ನಾನು ಚಿತ್ರದುರ್ಗದ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಹೆಸರು ಸುಮಂಗಲಾ, ವಯಸ್ಸು ನಲವತ್ತೇಳು. ಹುಡುಗಿಯರಿಗೆ ಖೋಖೋ, ವಾಲಿಬಾಲ್ ಕಲಿಸುವುದು ಕೆಲಸ. ಶನಿವಾರ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಕ್ಲಬ್ಬಿಗೆ ಹೋಗಿ ಇಪ್ಪತ್ತೈದು ಮೀಟರ್ ದೂರದ ಗುರಿಗೆ ಪಿಸ್ತೂಲು ಹೊಡೆಯುವುದು ಹನ್ನೊಂದು ವರ್ಷಗಳ ಹುಚ್ಚು. ರಾಜ್ಯ ತಂಡದಲ್ಲಿ ಉಳಿಯಬೇಕಾದರೆ ಮಾನ್ಯತೆ ಇರುವ ಒಂದು ಪಂದ್ಯದಲ್ಲಾದರೂ ಆರುನೂರಕ್ಕೆ ಐನೂರ ನಲವತ್ತು ಅಂಕ ತೋರಿಸಬೇಕು. ಈ ವರ್ಷ ಊರಿನ ಪಂದ್ಯಗಳೆಲ್ಲ ನನಗೆ ತಪ್ಪಿದ್ದವು. ಉಳಿದದ್ದು ಆಸ್ಟ್ರೇಲಿಯಾದ ಮೂರು ಊರುಗಳಲ್ಲಿ ನಡೆಯುವ ಹಿರಿಯರ ಪಂದ್ಯ. ಪರ್ತ್, ಬ್ರಿಸ್ಬೇನ್, ಅಡಿಲೇಡ್. ಮೂರರಲ್ಲಿ ಒಂದು ಸಾಕಿತ್ತು.

ಊರಿನ ಪಂದ್ಯಗಳು ಯಾಕೆ ತಪ್ಪಿದವು ಎಂಬುದನ್ನು ಆಗ ಯಾರಿಗೂ ನಿಜ ಹೇಳಿರಲಿಲ್ಲ. ಮುಂದೆ ಹೇಳುತ್ತೇನೆ.

ಹ್ಯಾರಿಸ್‌ಡೇಲ್

ಅಕ್ಕನ ಮಗಳು ಸ್ವಾತಿ ಮತ್ತು ಅವಳ ಗಂಡ ಮಂಜು ಪರ್ತ್‌ನ ತೆಂಕಣ ಬಡಾವಣೆ ಹ್ಯಾರಿಸ್‌ಡೇಲಿನಲ್ಲಿದ್ದಾರೆ. ಇಬ್ಬರೂ ಎಂಜಿನಿಯರುಗಳು. ಕಾರು ಹತ್ತಿದ ತಕ್ಷಣ ಸ್ವಾತಿ ಕೇಳಿದ ಮೊದಲ ಪ್ರಶ್ನೆ, "ಚಿಕ್ಕಮ್ಮ, ಅದನ್ನ ಮನೇಲಿ ಇಟ್ಕೋತೀರಾ?"

"ಇಲ್ಲ ಕಣೇ. ಕ್ಲಬ್ಬಿನ ತಿಜೋರಿಯಲ್ಲೇ ಇಡಬೇಕಂತೆ. ನಿಯಮ."

"ಅಬ್ಬ!" ಎಂದು ಅವಳು ಸೀಟಿಗೆ ಒರಗಿದಳು. ಹಿಂದೆ ಕೂತಿದ್ದ ಅವಳ ಒಂಬತ್ತು ವರ್ಷದ ಮಗಳು ಅನಿಕಾಗೆ ಮಾತ್ರ ನಿರಾಸೆ. "ಈಸ್ ಇಟ್ ಎ ರಿಯಲ್ ಒನ್, ಅಜ್ಜಿ?" ಎಂದಳು. ಹೌದು ಎಂದೆ. "ಕೂಲ್," ಎಂದಳು. ಆ ಮನೆಯಲ್ಲಿದ್ದ ಆರೂ ದಿನ ನಾನು ಕನ್ನಡದಲ್ಲಿ ಕೇಳಿದೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ.

ಜುಲೈ ತಿಂಗಳು, ಅಲ್ಲಿ ಚಳಿಗಾಲ. ಬೆಳಿಗ್ಗೆ ಎದ್ದು ಅಭ್ಯಾಸದಂತೆ ನಡೆಯಲು ಹೊರಟೆ. ಅಚ್ಚುಕಟ್ಟಾದ ಮನೆಗಳು, ಅಚ್ಚುಕಟ್ಟಾದ ಹುಲ್ಲು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸ್ವೆಟರು, ಮಫ್ಲರು, ಕ್ಯಾನ್ವಾಸ್ ಶೂ ಹಾಕಿಕೊಂಡು ಕೈ ಬೀಸಿ ಹೋಗುತ್ತಿದ್ದ ನನ್ನನ್ನು ಕಂಡು ಒಬ್ಬ ಕಾರು ನಿಲ್ಲಿಸಿ, ದಾರಿ ತಪ್ಪಿದೆಯೇ, ಎಲ್ಲಿಗಾದರೂ ಬಿಡಲೇ ಎಂದು ಕೇಳಿದ. ನಮ್ಮೂರಲ್ಲಿ ಆ ಹೊತ್ತಿಗೆ ನಡೆಯುವವರಿಗೆ ಕೋಟೆಯ ಬಾಗಿಲಲ್ಲಿ ಜಾಗ ಸಿಗುವುದಿಲ್ಲ.

ಪಂದ್ಯ ಶನಿವಾರ. ನಮ್ಮ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಟ್ಟು ಅರವತ್ತು ಗುಂಡು. ಮೊದಲ ಮೂವತ್ತನ್ನು ನಿಧಾನವಾಗಿ, ಐದೈದರ ಸುತ್ತಿನಲ್ಲಿ ಹೊಡೆಯಬೇಕು. ಉಳಿದ ಮೂವತ್ತರಲ್ಲಿ ಗುರಿಯ ಬಳಿ ಹಸಿರು ದೀಪ ಮೂರು ಸೆಕೆಂಡು ಮಾತ್ರ ಹತ್ತುತ್ತದೆ. ಅಷ್ಟರಲ್ಲಿ ಕೈ ಎತ್ತಿ ಒಂದು ಗುಂಡು ಹೊಡೆದು ಇಳಿಸಬೇಕು. ಮತ್ತೆ ಏಳು ಸೆಕೆಂಡಿಗೆ ಇನ್ನೊಂದು. ಪಿಸ್ತೂಲು ಅರೆ-ಸ್ವಯಂಚಾಲಿತ. ಗುಂಡು ಹಾರಿದ ರಭಸಕ್ಕೆ ಅದರ ಬೋಲ್ಟು ತಾನೇ ಹಿಂದೆ ಸರಿದು, ಖಾಲಿ ಹಿತ್ತಾಳೆ ಚಿಪ್ಪನ್ನು ಹೊರಗೆಸೆದು, ಮುಂದೆ ಬರುವಾಗ ಹೊಸ ಗುಂಡನ್ನು ಎತ್ತಿಕೊಂಡು ಬರುತ್ತದೆ. ಈ ಹೋಗಿ ಬರುವ ಕೆಲಸ ಪ್ರತಿ ಸಲವೂ ತಪ್ಪದೆ ಆಗಬೇಕು.

ಮೊದಲ ಮೂವತ್ತು ಗುಂಡುಗಳಲ್ಲಿ ಇನ್ನೂರ ಎಪ್ಪತ್ತೆರಡು ಬಂತು. ಒಳ್ಳೆಯ ಅಂಕ. ಎರಡನೇ ಹಂತದ ಹದಿನೆಂಟನೇ ಗುಂಡಿಗೆ ಬೋಲ್ಟು ಅರ್ಧ ಹಿಂದೆ ಸರಿದು ನಿಂತಿತು. ಖಾಲಿ ಚಿಪ್ಪು ಬಾಯಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿತ್ತು. ಹೀಗಾದಾಗ ಪಿಸ್ತೂಲನ್ನು ಸರಿಪಡಿಸಲು ಮುಟ್ಟಬಾರದು, ಗುರಿಯ ಕಡೆಗೇ ಹಿಡಿದು ಖಾಲಿ ಕೈ ಎತ್ತಬೇಕು. ಎತ್ತಿದೆ. ಅಧಿಕಾರಿ ಬಂದು ನೋಡಿ, ಮತ್ತೆ ಹೊಡೆಯಲು ಅವಕಾಶ ಕೊಟ್ಟರು. ಆದರೆ ಒಂದು ಹಂತದಲ್ಲಿ ಅಂಥ ರಿಯಾಯಿತಿ ಒಂದೇ ಸಲ. ಇಪ್ಪತ್ತನಾಲ್ಕರಲ್ಲಿ ಮತ್ತೆ ಸಿಕ್ಕಿಕೊಂಡಿತು. ಇಪ್ಪತ್ತೊಂಬತ್ತರಲ್ಲಿ ಮತ್ತೆ. ಹೊಡೆಯಲಾಗದ ಗುಂಡುಗಳಿಗೆಲ್ಲ ಸೊನ್ನೆ. ಐನೂರ ನಲವತ್ತರ ಹತ್ತಿರವೂ ಹೋಗಲಿಲ್ಲ.

ಮಂಜು ಗ್ಯಾಲರಿಯಿಂದ ಇಳಿದು ಬಂದ. "ಚಿಕ್ಕಮ್ಮ, ಬೇಜಾರ್ ಮಾಡ್ಕೋಬೇಡಿ. ನಿಮ್ ತಪ್ಪೇನಿದೆ? ಮಷಿನ್ ಕೈ ಕೊಡ್ತು."

"ಹೌದಪ್ಪ, ಮಷಿನ್ನೇ," ಎಂದೆ.

ಅಂದೇ ಒಂದು ನೋಟ್ ಪುಸ್ತಕ ಕೊಂಡೆ. ಒಂದೊಂದು ಸಲಕ್ಕೆ ಒಂದೇ ಒಂದನ್ನು ಬದಲಿಸುವುದು, ಎಷ್ಟನೇ ಗುಂಡಿಗೆ ನಿಂತಿತು ಎಂದು ಬರೆಯುವುದು, ಕಾರಣ ಸಿಗುವವರೆಗೆ ಬಿಡದಿರುವುದು. ಓಟದ ಹುಡುಗಿಯ ವೇಗ ಯಾಕೆ ಕಡಿಮೆಯಾಯಿತು ಎಂದು ಪತ್ತೆ ಮಾಡಲು ನಾನು ಮಾಡುವುದೂ ಇದನ್ನೇ.

ಭಾನುವಾರದಿಂದ ಬುಧವಾರದವರೆಗೆ ಮಂಜು ದಿನಾ ನನ್ನನ್ನು ಕ್ಲಬ್ಬಿಗೆ ಬಿಟ್ಟು ಹೋದ. ಮೊದಲ ದಿನ, "ಆರ್ವೋ ಬಂದು ಪಿಕ್ ಮಾಡ್ತೀನಿ," ಎಂದ. ಆರ್ವೋ ಎಂದರೆ ಯಾವುದೋ ಬಸ್ ನಿಲ್ದಾಣ ಇರಬೇಕೆಂದು ಗೇಟಿನವನನ್ನು ವಿಚಾರಿಸಿದೆ. ಅವನು ಬಾಯ್ತುಂಬ ನಕ್ಕು, ಆರ್ವೋ ಎಂದರೆ ಮಧ್ಯಾಹ್ನ, ಅದು ಇಲ್ಲಿಗೇ ಬರುತ್ತದೆ, ನೀವು ಹೋಗುವುದು ಬೇಡ ಎಂದ.

ಮೊದಲು ಎಣ್ಣೆಯನ್ನು ಸಂಶಯಿಸಿದೆ. ಚಿತ್ರದುರ್ಗದ ಸೆಕೆಗೆ ಹಾಕಿದ್ದ ಎಣ್ಣೆ ಪರ್ತ್‌ನ ಚಳಿಗೆ ಮಂದವಾಗಿರಬಹುದು. ಪಿಸ್ತೂಲನ್ನು ಬಿಚ್ಚಿ, ಒರೆಸಿ, ತೆಳು ಎಣ್ಣೆ ಸವರಿದೆ. ಇಪ್ಪತ್ತಾರರಲ್ಲಿ ನಿಂತಿತು. ಮರುದಿನ ಗುಂಡಿನ ಬಗೆ ಬದಲಿಸಿದೆ. ಕ್ಲಬ್ಬಿನವರು ತಮ್ಮ ದಾಸ್ತಾನಿನಿಂದ ಬೇರೊಂದು ಕೊಟ್ಟರು. ಇಪ್ಪತ್ತೆರಡರಲ್ಲಿ ನಿಂತಿತು. ಅದರ ಮರುದಿನ ಗುಂಡು ತುಂಬುವ ಗೂಡು, ಅಂದರೆ ಮ್ಯಾಗಝೀನ್ ಬದಲಿಸಿದೆ. ಇಪ್ಪತ್ತೆಂಟು. ಬುಧವಾರ ಮ್ಯಾಗಝೀನ್ ಹಳೆಯದು, ಗುಂಡು ಹಳೆಯದು, ಎಣ್ಣೆ ಹೊಸದು. ಹತ್ತೊಂಬತ್ತು.

ಸ್ವಾತಿ ಊಟಕ್ಕೆ ಬಡಿಸುತ್ತಾ, "ಚಿಕ್ಕಮ್ಮ, ಎಡಗೈಲಿ ಯಾಕೆ ನೀರಿನ ಜಗ್ ಎತ್ತುತ್ತೀರಾ?" ಎಂದು ಕೇಳಿದಳು.

"ಬಲಗೈ ಎಂಜಲಲ್ವೇನೆ," ಎಂದೆ. ಆಗಿನ್ನೂ ಊಟಕ್ಕೆ ಕೈ ಹಾಕಿರಲಿಲ್ಲ. ಅವಳು ಒಮ್ಮೆ ನನ್ನ ಮುಖ ನೋಡಿ ಸಾರು ಬಡಿಸಿದಳು.

ಬ್ರಿಸ್ಬೇನ್: ಫೋರ್ಟಿಟ್ಯೂಡ್ ವ್ಯಾಲಿ

ಆಸ್ಟ್ರೇಲಿಯಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುವುದು ಒಂದು ಇಡೀ ಹಗಲಿನ ಕೆಲಸ. ರಾಜ್ಯ ಬದಲಾದರೆ ಪಿಸ್ತೂಲಿನ ಕಾಗದವೂ ಬೇರೆ. ಒಂದೇ ದೇಶದೊಳಗೆ ಇಷ್ಟು ಕಾಗದವೇ ಎಂದು ಗೊಣಗಿಕೊಂಡೆ.

ಬ್ರಿಸ್ಬೇನಿನಲ್ಲಿ ಚಳಿಗಾಲವೆಂದರೆ ನಮ್ಮ ಕಾರ್ತೀಕದ ಬೆಳಗಿನ ಹಾಗೆ, ಹಿತವಾದ ಬಿಸಿಲು. ಪಂದ್ಯದವರು ಕೊಡಿಸಿದ್ದ ಹೋಟೆಲು ಫೋರ್ಟಿಟ್ಯೂಡ್ ವ್ಯಾಲಿಯಲ್ಲಿತ್ತು. ಕಚೇರಿ, ಅಪಾರ್ಟ್‌ಮೆಂಟು, ಕುಣಿಯುವ ಕ್ಲಬ್ಬುಗಳು ಒಂದರ ಹೆಗಲಿಗೆ ಒಂದು ತಾಗಿ ನಿಂತ ಜಾಗ. ಬೆಳಿಗ್ಗೆ ಕಾಫಿಗೆ ಇಳಿದರೆ ಹಿಂದಿನ ದಿನದ ಮಿನುಗು ಉಡುಪಿನಲ್ಲೇ ಕೂತ ಹುಡುಗಿಯರ ಪಕ್ಕದಲ್ಲಿ ಓಟ ಮುಗಿಸಿ ಬಂದ ಮುದುಕರು ಮೊಟ್ಟೆ ತಿನ್ನುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನಾನೊಬ್ಬಳೇ ಎಲ್ಲರನ್ನೂ ನೋಡುತ್ತಿದ್ದೆ.

ನನ್ನ ಕೊನೆಯ ಸಂಶಯ ಸ್ಪ್ರಿಂಗಿನ ಮೇಲಿತ್ತು. ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗು ಹಳತಾಗಿರಬಹುದು. ಊರಿಂದ ತಂದಿದ್ದ ಹೊಸದೊಂದಿತ್ತು. ಪಂದ್ಯದ ಹಿಂದಿನ ದಿನ ಕ್ಲಬ್ಬಿನ ಮೇಜಿನ ಮೇಲೆ ನಾನೇ ಕೂತು ಹಾಕಿದೆ. ಅಭ್ಯಾಸಕ್ಕೆಂದು ಹೊಡೆದ ಹದಿನೈದು ಗುಂಡೂ ಸಲೀಸಾಗಿ ಹೋದವು. ಗೆದ್ದೆ ಎಂದುಕೊಂಡೆ.

ಭಾನುವಾರದ ಪಂದ್ಯ ಪರ್ತ್‌ಗಿಂತ ಕಡೆಯಾಯಿತು. ನಿಧಾನದ ಹಂತದಲ್ಲೇ ಎರಡು ಸಲ, ವೇಗದ ಹಂತದಲ್ಲಿ ನಾಲ್ಕು ಸಲ ಸಿಕ್ಕಿಕೊಂಡಿತು. ಪಕ್ಕದ ಗೆರೆಯಲ್ಲಿದ್ದ ಹೆಂಗಸು ನನ್ನ ಎತ್ತಿದ ಎಡಗೈಯನ್ನು ಕಂಡು ಕಂಡು ಸಾಕಾಗಿ, ಕೊನೆಗೆ ಕನಿಕರದಿಂದ ನೋಡತೊಡಗಿದಳು. ಆ ಕನಿಕರ ನನಗೆ ಸೊನ್ನೆಗಳಿಗಿಂತ ಹೆಚ್ಚು ಚುಚ್ಚಿತು.

ಕ್ಯಾಲಮ್‌ವೇಲ್

ಸೋಲನ್ನು ಹೋಟೆಲಿನಲ್ಲಿ ಒಬ್ಬಳೇ ಕೂತು ಅನುಭವಿಸಲು ಆಯೇಷಾ ಬಿಡಲಿಲ್ಲ. ಆಯೇಷಾ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ, ನನ್ನ ಖೋಖೋ ತಂಡದ ನಾಯಕಿಯಾಗಿದ್ದವಳು. ಈಗ ಬ್ರಿಸ್ಬೇನಿನಲ್ಲಿ ನರ್ಸಿಂಗ್ ಓದುತ್ತಾ, ಉಳಿದ ಹೊತ್ತು ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾಳೆ. ಸೋಮವಾರ ಬೆಳಿಗ್ಗೆ ಕಾರು ತಂದು, "ಮೇಡಂ, ಬ್ಯಾಗ್ ಎಲ್ಲಿ? ನಮ್ಮನೆಗೆ ಹೋಗೋಣ," ಎಂದವಳೇ ಸೂಟ್‌ಕೇಸ್ ಎತ್ತಿಕೊಂಡು ನಡೆದುಬಿಟ್ಟಳು.

ಅವಳ ಮನೆ ಕ್ಯಾಲಮ್‌ವೇಲಿನಲ್ಲಿ. ಇನ್ನಿಬ್ಬರು ಹುಡುಗಿಯರ ಜೊತೆ ಹಂಚಿಕೊಂಡದ್ದು. ಬೀದಿಯಲ್ಲಿ ಚೀನೀಯರು, ಪಂಜಾಬಿಗಳು, ಕೊರಿಯಾದವರು. ಸಂಜೆ ಹೊತ್ತು ಒಂದೊಂದು ಅಡುಗೆಮನೆಯಿಂದ ಒಂದೊಂದು ದೇಶದ ಒಗ್ಗರಣೆ. ನನಗಾಗಿ ಹೊಸ ಪಾತ್ರೆಯನ್ನೇ ಕೊಂಡಿದ್ದಳು. "ಇದ್ರಲ್ಲಿ ಚಿಕನ್ ಮಾಡಿಲ್ಲ ಮೇಡಂ, ನಿಮಗೇ ಅಂತ ತೆಗೆದಿಟ್ಟಿದ್ದೆ," ಎಂದು ಅದರಲ್ಲಿ ಹೆಸರುಕಾಳಿನ ಸಾರು ಮಾಡಿದಳು. ರಾಗಿ ಹಿಟ್ಟು ಎಲ್ಲಿಂದ ಸಿಕ್ಕಿತೋ, ಮುದ್ದೆ ನಮ್ಮೂರಿನದೇ ಹದ.

ಕ್ಲಬ್ಬಿನ ಹಿಂದೆ ಬಂದೂಕು ರಿಪೇರಿಯ ಪರವಾನಗಿ ಇದ್ದ ಒಬ್ಬರ ಕಾರ್ಯಾಗಾರ ಇದೆ ಎಂದು ಪಂದ್ಯದಲ್ಲಿ ಯಾರೋ ಹೇಳಿದ್ದರು. ಹೆಸರು ಜೋನ್. ಗಂಡಸು ಎಂದುಕೊಂಡು ಹೋದೆ. ಎಪ್ಪತ್ತು ದಾಟಿದ, ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡ ಅಜ್ಜಿ. ಗಂಡ ಬಿಟ್ಟುಹೋದ ಅಂಗಡಿಯನ್ನು ಮೂವತ್ತು ವರ್ಷದಿಂದ ನಡೆಸುತ್ತಿದ್ದಾರಂತೆ.

ಪಿಸ್ತೂಲು ಬಿಚ್ಚಿದರು. ಒಂದೊಂದು ಭಾಗವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನ ತುದಿಯಿಂದ ಸವರಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ನನ್ನ ಅಜ್ಜಿ ಅಕ್ಕಿ ಆರಿಸುತ್ತಿದ್ದುದು ಹೀಗೆಯೇ. ಮತ್ತೆ ಜೋಡಿಸಿ, "ಇದರಲ್ಲಿ ಏನೂ ಇಲ್ಲ," ಎಂದರು.

"ಇದೆ," ಎಂದೆ. "ನಾನು ಎಲ್ಲ ಬರೆದಿಟ್ಟಿದ್ದೇನೆ."

ನೋಟ್ ಪುಸ್ತಕ ತೆಗೆದುಕೊಂಡು ಪುಟ ತಿರುಗಿಸಿದರು. ಆಮೇಲೆ ಗುಂಡು ಹೊಡೆಯುವ ರೇಂಜಿಗೆ ಹೋಗಿ, ನನ್ನದೇ ಪಿಸ್ತೂಲಿನಿಂದ, ನನ್ನದೇ ಗುಂಡುಗಳಿಂದ ಮೂವತ್ತು ಹೊಡೆದರು. ಮೂವತ್ತೂ ಹಾರಿದವು. ಒಂದು ಚಿಪ್ಪೂ ಸಿಕ್ಕಿಕೊಳ್ಳಲಿಲ್ಲ.

"ನೀನು ತುಂಬಾ ಚೆನ್ನಾಗಿ ಬರೆದಿದ್ದೀಯ," ಎಂದರು. "ಎಣ್ಣೆ ಬದಲಿಸಿದೆ, ಗುಂಡು ಬದಲಿಸಿದೆ, ಮ್ಯಾಗಝೀನ್, ಸ್ಪ್ರಿಂಗ್. ಏನೇ ಬದಲಿಸಿದರೂ ಮೊದಲ ಹದಿನೈದು ಗುಂಡು ಒಮ್ಮೆಯೂ ನಿಂತಿಲ್ಲ. ಯಾವಾಗಲೂ ಆಮೇಲೆಯೇ. ಮಗಳೇ, ಪಿಸ್ತೂಲಿಗೆ ದಣಿವಾಗುವುದಿಲ್ಲ."

ನನ್ನ ಮುಖಕ್ಕೆ ಬಿಸಿ ಹತ್ತಿತು. "ನನಗೆ ಹನ್ನೊಂದು ವರ್ಷದ ಅನುಭವ ಇದೆ," ಎಂದೆ. ಉತ್ತರ ಕೊಡಬೇಕಾದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

"ಹಾಗಾದರೆ ನೀನೇ ಹೊಡೆ. ಈ ಹುಡುಗಿ ವೀಡಿಯೊ ತೆಗೀಲಿ."

ಆಯೇಷಾ ತನ್ನ ಫೋನನ್ನು ನಿಧಾನಗತಿಯ ವೀಡಿಯೊಗೆ ಹಾಕಿ ಪಕ್ಕದಲ್ಲಿ ನಿಂತಳು. ಇಪ್ಪತ್ತೊಂದನೇ ಗುಂಡಿಗೆ ಚಿಪ್ಪು ಸಿಕ್ಕಿಕೊಂಡಿತು. ಮೂವರೂ ಆ ಚಿಕ್ಕ ಪರದೆಯ ಮೇಲೆ ಬಗ್ಗಿದೆವು. ಎರಡನೇ ಗುಂಡಿನಲ್ಲಿ ನನ್ನ ಮಣಿಕಟ್ಟು ಗೋಡೆಯ ಹಾಗೆ ನಿಂತಿದೆ, ಬೋಲ್ಟು ಪೂರ್ತಿ ಹಿಂದೆ ಹೋಗಿ ಬರುತ್ತದೆ. ಇಪ್ಪತ್ತೊಂದರಲ್ಲಿ ಬೋಲ್ಟು ಹಿಂದೆ ಹೊರಟ ಕೂಡಲೇ ಮಣಿಕಟ್ಟು ಸಡಿಲಾಗಿ, ಇಡೀ ಪಿಸ್ತೂಲೇ ಅದರ ಜೊತೆ ಹಿಂದಕ್ಕೆ ಬಾಗುತ್ತದೆ. ಒರಗಲು ಗಟ್ಟಿಯಾದ ಆಸರೆ ಇಲ್ಲದೆ ಬೋಲ್ಟಿನ ರಭಸ ಅರ್ಧದಲ್ಲೇ ಸತ್ತು ನಿಂತುಬಿಡುತ್ತದೆ. ಬಿಗಿಯಾದ ಹೊಸ ಸ್ಪ್ರಿಂಗು ಹಾಕಿ ನಾನು ಅದಕ್ಕೆ ಇನ್ನಷ್ಟು ಕಷ್ಟ ಕೊಟ್ಟಿದ್ದೆ.

ಆಯೇಷಾ ಮೆತ್ತಗೆ ಕೇಳಿದಳು. "ಮೇಡಂ, ಕೈಗೆ ಏನಾಗಿದೆ?"

"ಏನಿಲ್ಲ."

"ಮೇಡಂ, ನನಗೆ ಮಂಡಿ ನೋವಾಗಿದ್ದಾಗ ಏನಿಲ್ಲ ಅಂತ ಸುಳ್ಳು ಹೇಳಿ ಆಡಿದ್ದಕ್ಕೆ ನೀವು ನನ್ನ ಎರಡು ಮ್ಯಾಚ್ ಕೂರಿಸಿದ್ರಿ. ನೆನಪಿದೆಯಾ?"

ರೇಂಜಿನ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಐದು ತಿಂಗಳ ಹಿಂದೆ ಕಾಲೇಜಿನ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಬಲಗೈ ಊರಿದ್ದೆ. ಉಳುಕು ಎಂದುಕೊಂಡು ಎಣ್ಣೆ ತಿಕ್ಕಿ ಬಟ್ಟೆ ಕಟ್ಟಿಸಿದೆ. ಎಕ್ಸ್-ರೇ ತೆಗೆಸಲಿಲ್ಲ. ತೆಗೆಸಿದರೆ ಏನಾದರೂ ಕಂಡುಬಿಡುತ್ತದೆ ಎಂಬ ಭಯ. ಕ್ಲಬ್ಬಿನವರಿಗೆ ಮನೆಯಲ್ಲಿ ತೊಂದರೆ ಇದೆ ಎಂದು ಹೇಳಿ ಪಂದ್ಯಗಳನ್ನು ತಪ್ಪಿಸಿದೆ. ಪ್ರವಾಸದ ಅರ್ಜಿಯಲ್ಲಿ ಗಾಯದ ವಿವರ ಕೇಳಿದ ಕಡೆ ಇಲ್ಲ ಎಂದು ಬರೆದೆ. ನಲವತ್ತೇಳಕ್ಕೆ ಒಮ್ಮೆ ತಂಡದಿಂದ ಹೊರಗಾದರೆ ಮತ್ತೆ ಒಳಗೆ ಕರೆಯುವವರು ಯಾರು?

ಆಯೇಷಾ ನನ್ನ ಕೈ ತೆಗೆದುಕೊಂಡು ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದಳು. ನನ್ನ ಕಣ್ಣಲ್ಲಿ ನೀರು ಬಂತು. "ಇದು ಉಳುಕಲ್ಲ ಮೇಡಂ. ಡಾಕ್ಟರ್‌ಗೆ ತೋರಿಸ್ಲೇಬೇಕು. ಮನೆಗೆ ಹೋಗ್ಬಿಡಿ."

"ಅಡಿಲೇಡ್ ಮುಗಿಸಿ ಹೋಗ್ತೀನಿ."

"ಮೇಡಂ!"

"ಆಯೇಷಾ, ಇನ್ನೊಂದೇ ಪಂದ್ಯ. ಬೀಳುವುದು ಅಂತಿದ್ರೆ ನಿಂತ್ಕೊಂಡೇ ಬೀಳ್ತೀನಿ. ಆದ್ರೆ ಇನ್ನು ಸುಳ್ಳು ಹೇಳಲ್ಲ."

ಅವಳು ಸಿಟ್ಟಿನಿಂದ ಕಾರಿನ ಹತ್ತಿರ ಹೋಗಿ ನಿಂತಳು. ಜೋನ್ ನಮ್ಮ ಭಾಷೆ ತಿಳಿಯದಿದ್ದರೂ ವಿಷಯ ತಿಳಿದವರ ಹಾಗೆ ತಲೆಯಾಡಿಸಿದರು. ಮಣಿಕಟ್ಟಿಗೆ ಪಟ್ಟಿ ಕಟ್ಟುವ ಹಾಗಿಲ್ಲ, ನಮ್ಮ ಆಟದಲ್ಲಿ ಮಣಿಕಟ್ಟು ಬರಿದಾಗಿಯೇ ಇರಬೇಕು. ಆದರೆ ಪಿಸ್ತೂಲಿನ ಮರದ ಹಿಡಿಯನ್ನು ಅವರವರ ಅಂಗೈಗೆ ತಕ್ಕಂತೆ ಕೆತ್ತಿಕೊಳ್ಳಲು ಅವಕಾಶ ಇದೆ. ನನ್ನ ಹಿಡಿ ಐದು ವರ್ಷ ಹಳೆಯದು, ಬಿದ್ದ ಮೇಲೆ ಸೊರಗಿದ ಕೈಗೆ ಅದು ಸಡಿಲವಾಗಿತ್ತು. "ಕೈಯನ್ನು ಸರಿಮಾಡಲು ನನಗೆ ಬರುವುದಿಲ್ಲ," ಎಂದರು ಜೋನ್. "ಕೈ ಕಡಿಮೆ ದಣಿಯುವ ಹಾಗೆ ಮರವನ್ನು ಸರಿಮಾಡಬಹುದು."

ಮೂರು ದಿನ ಅದೇ ಕೆಲಸ. ಮೊದಲು ಹಳೆಯ ಸ್ಪ್ರಿಂಗನ್ನೇ ಮತ್ತೆ ಹಾಕಿದರು. ಆಮೇಲೆ ನಮ್ಮ ಕಡೆ ಸೋರುವ ನಲ್ಲಿಗೆ ಮೆತ್ತುವಂಥ ಲಪ್ಪವನ್ನು ಹಿಡಿಯ ಮೇಲೆ ಮೆತ್ತಿ, ತೆಳು ಪ್ಲಾಸ್ಟಿಕ್ ಹೊದಿಸಿ, ನನ್ನ ಕೈಯಲ್ಲಿ ಅದನ್ನು ಹಿಡಿಸಿ ನಿಲ್ಲಿಸಿದರು. ಗಟ್ಟಿಯಾದ ಮೇಲೆ ನೋಡಿದರೆ ನನ್ನ ಅಂಗೈಯ ಗೆರೆಗಳೆಲ್ಲ ಅದರಲ್ಲಿ ಮೂಡಿದ್ದವು. ಎಲ್ಲಿ ಒತ್ತುತ್ತದೆ ಎಂದು ಹೇಳಿದರೆ ಅಲ್ಲಿ ಅರದಿಂದ ಉಜ್ಜುವರು. ಮತ್ತೆ ಹಿಡಿ, ಮತ್ತೆ ಹೇಳು, ಮತ್ತೆ ಉಜ್ಜು. ಎರಡನೇ ದಿನ ಅರವನ್ನು ನನ್ನ ಎಡಗೈಗೆ ಕೊಟ್ಟು, "ನಿನ್ನ ಹಿಡಿ, ನೀನು ಕಲಿ," ಎಂದರು. ಆಯೇಷಾ ಸಿಟ್ಟಿನಲ್ಲಿಯೇ ದಿನಾ ಕರೆತಂದಳು, ಸಿಟ್ಟಿನಲ್ಲಿಯೇ ಡಬ್ಬಿಯಲ್ಲಿ ಊಟ ಇಟ್ಟಳು, ಸಂಜೆ ಸಿಟ್ಟಿನಲ್ಲಿಯೇ ಕೈಗೆ ಐಸ್ ಇಟ್ಟಳು. ಗುರುವಾರ ನಲವತ್ತು ಗುಂಡು ಹೊಡೆದೆ. ಮೂವತ್ತೇಳರಲ್ಲಿ ಒಂದು ಸಿಕ್ಕಿಕೊಂಡಿತು. ಇಪ್ಪತ್ತೊಂದು ಮೂವತ್ತೇಳಾಗಿತ್ತು.

ಅಡಿಲೇಡ್

ಅಡಿಲೇಡಿನಲ್ಲಿ ಗಾಳಿ ಸಣ್ಣ ಮಳೆಯನ್ನು ಅಡ್ಡಡ್ಡಲಾಗಿ ಹೊಡೆಯುತ್ತಿತ್ತು. ಯಾವ ಬೀದಿಯಲ್ಲಿ ನಿಂತರೂ ಅದು ನೇರವಾಗಿ ಹೋಗಿ ಮರಗಳಲ್ಲಿ ಮುಗಿಯುವ ಊರು. ಎರಡು ದಿನ ಬರಿಗೈಯಲ್ಲಿ ಅಭ್ಯಾಸ ಮಾಡಿದ್ದು ಬಿಟ್ಟರೆ ನಾನು ಏನೂ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ನೋಂದಣಿಯ ಕಾಗದದಲ್ಲಿ ಗಾಯದ ಅಂಕಣಕ್ಕೆ ಬಂದಾಗ ಬರೆದೆ: ಬಲ ಮಣಿಕಟ್ಟು, ಐದು ತಿಂಗಳ ಹಿಂದೆ ಬಿದ್ದದ್ದು, ಪರೀಕ್ಷೆ ಮಾಡಿಸಿಲ್ಲ. ಮೇಜಿನ ಹಿಂದಿದ್ದವರು ಅದನ್ನು ಓದಿ ಪಂದ್ಯದ ವೈದ್ಯರನ್ನು ಕರೆಸಿದರು. ಆಕೆ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಾನಾದರೆ ಆಡುವುದಿಲ್ಲ. ಆದರೆ ನೀವು ಪಿಸ್ತೂಲನ್ನು ಸುರಕ್ಷಿತವಾಗಿ ಹಿಡಿಯಬಲ್ಲಿರಿ, ಹಾಗಾಗಿ ತಡೆಯುವುದೂ ಇಲ್ಲ. ನಾಳೆಯೇ ಎಕ್ಸ್-ರೇ," ಎಂದರು. ನಾಡಿದ್ದು ಊರಿನಲ್ಲಿ ತೆಗೆಸುತ್ತೇನೆ ಎಂದು ಮಾತು ಕೊಟ್ಟೆ.

ಉಪಕರಣ ತಪಾಸಣೆಯಲ್ಲಿ ಇನ್ನೊಂದು ಕಾದಿತ್ತು. ಪಿಸ್ತೂಲು ಅಳತೆಯ ಪೆಟ್ಟಿಗೆಯೊಳಗೆ ಸರಿಯಾಗಿ ಕೂತಿತು, ಟ್ರಿಗರಿನ ತೂಕ ಸರಿಯಾಗಿತ್ತು. ಹಿಡಿದು ತೋರಿಸಿ ಎಂದರು. ತೋರಿಸಿದೆ. ತಪಾಸಣೆಯ ಅಧಿಕಾರಿ ಬಗ್ಗಿ ನೋಡಿ ತಲೆಯಾಡಿಸಿದರು. ಹಿಡಿಯ ಹಿಂಬದಿಯ ಅಂಚು ಕೂದಲೆಳೆಯಷ್ಟು ಮಣಿಕಟ್ಟಿಗೆ ತಾಗುತ್ತಿತ್ತು. ಮಣಿಕಟ್ಟಿಗೆ ಆಸರೆ ಕೊಡುವ ಹಿಡಿ ನಿಷಿದ್ಧ.

"ನಿಮ್ಮ ಸರದಿಗೆ ನಲವತ್ತು ನಿಮಿಷ ಇದೆ," ಎಂದರು.

ನನ್ನ ಅರ ಮೋಟೆಲಿನಲ್ಲಿ, ಸೂಟ್‌ಕೇಸಿನಲ್ಲಿತ್ತು. ಜೋನ್ ಬ್ರಿಸ್ಬೇನಿನಲ್ಲಿ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಗ್ಲೆನ್ ಎಂಬ ಗೋಧಿ ಬೆಳೆಗಾರ ತನ್ನ ಪೆಟ್ಟಿಗೆಯಿಂದ ಅರವೊಂದನ್ನು ತೆಗೆದು ನನ್ನ ಮುಂದೆ ಇಟ್ಟ. "ಕುದುರೆಯ ಗೊರಸು ಉಜ್ಜುವುದೂ ಇದರಲ್ಲೇ. ತೊಳೆದಿದ್ದೇನೆ," ಎಂದ.

ಅಧಿಕಾರಿಯ ಕಣ್ಣೆದುರಿಗೇ ಹಿಡಿಯನ್ನು ಬಿಚ್ಚಿ, ಅದನ್ನಷ್ಟೇ ಹಿಡಿದು ಮೂಲೆಯ ಬೆಂಚಿನಲ್ಲಿ ಕೂತೆ. ಕಡಿಮೆ ಉಜ್ಜಿದರೆ ಆಡಲು ಬಿಡುವುದಿಲ್ಲ. ಹೆಚ್ಚು ಉಜ್ಜಿದರೆ ಮೂರು ದಿನದ ಕೆಲಸ ಮಣ್ಣುಪಾಲು, ಹದಿನೆಂಟನೇ ಗುಂಡಿಗೆ ಕೈ ಸೋಲುತ್ತದೆ. ಎಡಗೈಯಲ್ಲಿ ಹತ್ತು ಸಲ ಉಜ್ಜುವುದು, ಊದುವುದು, ಬಲಗೈಯಲ್ಲಿ ಹಿಡಿದು ನೋಡುವುದು. ಪುಡಿ ತೊಡೆಯ ಮೇಲೆಲ್ಲ ಉದುರಿತು. ಗ್ಲೆನ್ ದೂರದಲ್ಲೇ ನಿಂತು ಹೊತ್ತು ಮಾತ್ರ ಹೇಳುತ್ತಿದ್ದ. "ಇಪ್ಪತ್ತು... ಹದಿನೈದು..." ಹನ್ನೊಂದು ಎನ್ನುವಾಗ ಎದ್ದೆ. ಅಧಿಕಾರಿ ನನ್ನ ಮಣಿಕಟ್ಟಿಗೂ ಮರಕ್ಕೂ ನಡುವೆ ಒಂದು ಕಾಗದದ ಚೂರು ತೂರಿಸಿದರು. ಅದು ಹಾದುಹೋಯಿತು. ಪಿಸ್ತೂಲಿಗೆ ಪಾಸಾದ ಚೀಟಿ ಅಂಟಿಸಿದರು.

ನಿಧಾನದ ಮೂವತ್ತು ಗುಂಡುಗಳಲ್ಲಿ ಒಂದೂ ನಿಲ್ಲಲಿಲ್ಲ. ಇನ್ನೂರ ಎಪ್ಪತ್ತನಾಲ್ಕು.

ವೇಗದ ಹಂತಕ್ಕೆ ಬರುವ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ ಮೊಳೆ ಹೊಡೆದ ಹಾಗೆ ನೋವು. ಹಸಿರು ದೀಪ, ಕೈ ಎತ್ತು, ಹೊಡೆ, ಇಳಿಸು. ನಾನು ಗುಂಡುಗಳನ್ನು ಎಣಿಸುವುದನ್ನು ಬಿಟ್ಟಿದ್ದೆ, ಪ್ರತಿ ಸಲವೂ ಇದು ಎರಡನೇ ಗುಂಡು ಎಂದು ಕೈಗೆ ಹೇಳುತ್ತಿದ್ದೆ. ಐದನೇ ಸುತ್ತಿನ ಮೂರನೇ ಗುಂಡಿಗೆ ಟ್ರಿಗರ್ ಒತ್ತಿದರೆ ಟಕ್ ಎಂಬ ಸದ್ದು ಮಾತ್ರ ಬಂತು. ಎಡಗೈ ಎತ್ತಿದೆ.

ಅಧಿಕಾರಿ ಬಂದು ಬೋಲ್ಟು ಎಳೆದು ಗುಂಡನ್ನು ಅಂಗೈಗೆ ಹಾಕಿಕೊಂಡು ನನಗೆ ತೋರಿಸಿದರು. ಅಂಚಿನಲ್ಲಿ ಸುತ್ತಿಗೆಯ ಏಟು ಆಳವಾಗಿ ಬಿದ್ದಿತ್ತು, ಗುಂಡು ಮಾತ್ರ ಹಾರಿರಲಿಲ್ಲ. ಬರಿಯ ಠುಸ್ ಗುಂಡು. ಪಿಸ್ತೂಲಿನ ತಪ್ಪೂ ಅಲ್ಲ, ಕೈಯ ತಪ್ಪೂ ಅಲ್ಲ. ನನಗೆ ನಗು ಬಂದುಬಿಟ್ಟಿತು. ಅಧಿಕಾರಿ ಹುಬ್ಬು ಏರಿಸಿದರು. ಕ್ಷಮೆ ಕೇಳಿ, ಆ ಹಂತದ ಒಂದೇ ರಿಯಾಯಿತಿಯನ್ನು ಅದಕ್ಕೆ ಖರ್ಚು ಮಾಡಿ, ಸುತ್ತನ್ನು ಮುಗಿಸಿದೆ.

ಉಳಿದದ್ದು ಐದು ಗುಂಡು. ಇನ್ನು ಒಂದು ನಿಂತರೂ ಸೊನ್ನೆ. ಮೊದಲನೆಯದು ಹೋಯಿತು. ಎರಡು. ಮೂರು. ನಾಲ್ಕನೆಯದಕ್ಕೆ ಕೈ ಎತ್ತುವಾಗ ಬೆರಳುಗಳು ನನ್ನವಲ್ಲ ಎನಿಸಿತು, ಆದರೂ ಹೋಯಿತು, ಚಿಪ್ಪು ಬಲಗಡೆಗೆ ಹಾರಿ ನೆಲದ ಮೇಲೆ ಕಿಣಿಕಿಣಿ ಎಂದಿತು. ಐದನೆಯದು ಹಸಿರು ದೀಪ ಆರುವ ಮುನ್ನ ಹೊರಟಿತು. ಎಂಟು ಬಿತ್ತು. ಒಟ್ಟು ಐನೂರ ನಲವತ್ತೊಂದು.

ಗ್ಲೆನ್ ಬಂದು ಕೈ ಚಾಚಿದ. ನಾನು ಎಡಗೈ ಕೊಟ್ಟೆ. ಆಯೇಷಾಳಿಗೆ ಅಂಕ ಕಳಿಸಿದೆ. ಅವಳಿಂದ ಬಂದ ಉತ್ತರ ಎರಡೇ ಪದ. "ಎಕ್ಸ್-ರೇ, ಮೇಡಂ."

ಮಳೆ ನಿಂತ ಪಾರ್ಕಿಂಗ್‌ನಲ್ಲಿ ನಿಂತು ಬೆಂಗಳೂರಿನ ಕೋಚ್ ಬೆಳ್ಳಿಯಪ್ಪ ಸರ್‌ಗೆ ಫೋನ್ ಮಾಡಿದೆ.

"ಬಂತಾ?" ಎಂದರು.

"ಬಂತು ಸರ್. ಐನೂರ ನಲವತ್ತೊಂದು. ಆದ್ರೆ ಇನ್ನೊಂದು ವಿಷಯ ಹೇಳ್ಬೇಕು." ಬಿದ್ದದ್ದು, ಬಚ್ಚಿಟ್ಟದ್ದು, ಅರ್ಜಿಯಲ್ಲಿ ಬರೆದದ್ದು, ಪಿಸ್ತೂಲಿನ ಮೇಲೆ ತಪ್ಪು ಹೊರಿಸಿದ್ದು, ಎಲ್ಲವನ್ನೂ ನಿಲ್ಲಿಸದೆ ಹೇಳಿದೆ.

"ಐದು ತಿಂಗಳು," ಎಂದರು. "ಐದು ತಿಂಗಳು ಕೈ ಬಚ್ಚಿಟ್ಟು ನೀವು ಆ ಬಡಪಾಯಿ ಪಿಸ್ತೂಲಿಗೆ ಬೈದ್ರಲ್ಲ ಸುಮಂಗಲಾ?"

"ಹೌದು ಸರ್."

"ಕಮಿಟಿಗೆ ನಾನು ಹೇಳ್ತೀನಿ. ಅವರು ಏನು ತೀರ್ಮಾನ ಮಾಡ್ತಾರೋ ಗೊತ್ತಿಲ್ಲ. ಮೊದಲು ಕೈ ತಗೊಂಡು ಬನ್ನಿ."

ಕಮಿಟಿಯವರು ಅಂಕವನ್ನು ಒಪ್ಪಿಕೊಂಡರು, ಸುಳ್ಳು ಬರೆದದ್ದಕ್ಕೆ ಈ ವರ್ಷದ ತಂಡದಿಂದ ನನ್ನನ್ನು ಕೈಬಿಟ್ಟರು. ನ್ಯಾಯವಾಗಿಯೇ ಮಾಡಿದರು. ಹೇಗಿದ್ದರೂ ನಾನು ಆಡುವ ಹಾಗಿರಲಿಲ್ಲ. ಹೆಬ್ಬೆರಳಿನ ಬುಡದ ಪುಟ್ಟ ಮೂಳೆ ಮುರಿದು, ಕೂಡದೆ, ಎರಡು ಚೂರಾಗಿಯೇ ಉಳಿದಿತ್ತು. ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತಿರುಪು ಹಾಕಿದ್ದಾರೆ. ಮೂರು ತಿಂಗಳ ಪ್ಲಾಸ್ಟರು, ಆಮೇಲೆ ವ್ಯಾಯಾಮ, ಮುಂದಿನ ವರ್ಷ ಮತ್ತೆ ಆಯ್ಕೆಯ ಸಾಲಿನಲ್ಲಿ ಎಲ್ಲರ ಜೊತೆ ನಿಲ್ಲಬೇಕು. ನಿಲ್ಲುತ್ತೇನೆ.

ಇಷ್ಟನ್ನೂ ಎಡಗೈಯ ಒಂದು ಬೆರಳಿನಲ್ಲಿ ಕಂಪ್ಯೂಟರಿಗೆ ಕುಟ್ಟಿದ್ದೇನೆ. ಅಕ್ಷರ ತಪ್ಪುಗಳಿದ್ದರೆ ಅವು ಯಂತ್ರದವಲ್ಲ, ನನ್ನವು.